ಹನ್ನೊಂದನೇ ದಿನದ ಭಯ: ಎದೆಗೆ ಇಂಪ್ಲಾಂಟ್ ಹಾಕಿಸಿಕೊಂಡ ಮೇಲೆ ಯಾವುದು ಸಹಜ, ಯಾವುದಕ್ಕೆ ಓಡಬೇಕು

ಪ್ರಶ್ನೆ: ಡಾಕ್ಟರ್ ಮೇಡಂ, ನಮಸ್ಕಾರ. ಗದಗ ಹತ್ತಿರದ ಊರು ನಮ್ಮದು. ನನಗೆ 34 ವರ್ಷ, ಹೈಸ್ಕೂಲ್ ಟೀಚರ್. ಇಬ್ಬರು ಮಕ್ಕಳಿಗೂ ಹಾಲು ಬಿಡಿಸಿದ ಮೇಲೆ ಎದೆ ಪೂರ್ತಿ ಇಳಿದುಹೋಗಿತ್ತು. ಬಹಳ ದಿನ ಯೋಚನೆ ಮಾಡಿ, ಯಜಮಾನರ ಜೊತೆ ಮಾತಾಡಿ, ಹುಬ್ಬಳ್ಳಿಯಲ್ಲಿ ಸಿಲಿಕಾನ್ ಇಂಪ್ಲಾಂಟ್ ಹಾಕಿಸಿಕೊಂಡೆ. ಇವತ್ತಿಗೆ 11 ದಿನ. ಸ್ನಾಯುವಿನ ಕೆಳಗೆ ಇಟ್ಟಿದ್ದಾರಂತೆ. ಎರಡೂ ಕಲ್ಲಿನ ಹಾಗೆ ಗಟ್ಟಿಯಾಗಿವೆ, ಕತ್ತಿನ ಹತ್ತಿರ ಹೋಗಿ ಕೂತಂತೆ ಮೇಲೆ ಇವೆ. ಬಲಗಡೆ ಬಾವು ಜಾಸ್ತಿ. ತೊಟ್ಟಿನ ಸುತ್ತ ಮುಟ್ಟಿದರೂ ಗೊತ್ತಾಗುವುದಿಲ್ಲ. ಮೊದಲ ವಾರ ಒಳಗೆ ಗುಳುಗುಳು ಸದ್ದು ಬರುತ್ತಿತ್ತು. ಈಗ ಎಡ ಎದೆಯ ಕೆಳಗೆ ದಾರ ಬಿಗಿದಂತೆ ಒಂದು ಗೆರೆ ಎದ್ದಿದೆ, ಕೈ ಎತ್ತಿದರೆ ಎಳೆಯುತ್ತದೆ. ಅತ್ತೆಯವರಿಗೆ 'ಎದೆಯಲ್ಲಿ ಗಂಟಿತ್ತು, ತೆಗೆಸಿದ್ವಿ' ಅಂತ ಹೇಳಿದ್ದೇವೆ. ಸುಮ್ನೆ ಮಲಗಿದರೆ ಸಂಶಯ ಬರುತ್ತದೆ ಅಂತ ನಿನ್ನೆಯಿಂದ ರೊಟ್ಟಿ ಬಡಿಯಲು ಶುರು ಮಾಡಿದ್ದೇನೆ. ಬರುವ ಸೋಮವಾರ ಶಾಲೆಗೆ ಹೋಗಬೇಕು. ಒಡೆಯುತ್ತದಾ, ಕ್ಯಾನ್ಸರ್ ಬರುತ್ತದಾ, 10 ವರ್ಷಕ್ಕೆ ಬದಲಿಸಲೇಬೇಕಾ ಅಂತ ಮೊಬೈಲಿನಲ್ಲಿ ನೋಡಿ ನೋಡಿ ನಿದ್ದೆ ಹೋಗಿದೆ. ರಾತ್ರಿ ಅಳು ಬರುತ್ತದೆ. ನಾಲ್ಕು ವರ್ಷದ ಮಗಳು ಎತ್ತಿಕೋ ಅಂತ ಹಟ ಮಾಡುತ್ತಾಳೆ. ಎಲ್ಲ ತೆಗೆಸಿಬಿಡಲಾ ಅನಿಸುತ್ತಿದೆ.

ಉತ್ತರ: ನಿಮ್ಮ ಪತ್ರದಲ್ಲಿ ಹತ್ತು ಪ್ರಶ್ನೆಗಳಿವೆ. ಆದರೆ ಓದುವಾಗ ನಾನು ತಡೆದು ನಿಂತಿದ್ದು ನೀವು ಪ್ರಶ್ನೆ ಅಂತ ಕೇಳದೇ ಇರುವ ಒಂದು ಸಾಲಿನ ಹತ್ತಿರ. 'ನಿನ್ನೆಯಿಂದ ರೊಟ್ಟಿ ಬಡಿಯಲು ಶುರು ಮಾಡಿದ್ದೇನೆ.' ಮೊದಲು ಅದನ್ನು ನಿಲ್ಲಿಸಿ. ಇವತ್ತೇ. ಉಳಿದದ್ದನ್ನು ನಿಧಾನಕ್ಕೆ ಮಾತಾಡೋಣ.

ಯಾಕೆ ಅಂತ ಹೇಳುತ್ತೇನೆ. ನಿಮ್ಮ ಯಜಮಾನರನ್ನು ಅಡುಗೆಮನೆಗೆ ಕರೆಯಿರಿ. ಬಲಗೈಯ ಅಂಗೈಯನ್ನು ಕಟ್ಟೆಯ ಮೇಲಿಟ್ಟು ಹಿಟ್ಟು ನಾದುವ ಹಾಗೆ ಒತ್ತಲು ಹೇಳಿ. ಅವರ ಕಂಕುಳಿನ ಮುಂದಿನ ಮಡಿಕೆಯನ್ನು ನಿಮ್ಮ ಎರಡು ಬೆರಳಲ್ಲಿ ಹಿಡಿದು ನೋಡಿ. ಒತ್ತಿದಾಗ ಅದು ಹಗ್ಗದ ಹಾಗೆ ಬಿಗಿಯುತ್ತದೆ, ಬಿಟ್ಟಾಗ ಸಡಿಲವಾಗುತ್ತದೆ. ಅದೇ ಎದೆಯ ದೊಡ್ಡ ಸ್ನಾಯು. ನಿಮ್ಮಲ್ಲಿ ಆ ಸ್ನಾಯುವನ್ನು ಎತ್ತಿ, ಕೆಳಗೆ ಜಾಗ ಮಾಡಿ, ಅಲ್ಲಿ ಇಂಪ್ಲಾಂಟ್ ಇಟ್ಟಿದ್ದಾರೆ. ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ಮೈಭಾರ ಬಿಟ್ಟು ನಾದುವಾಗ, ಆಮೇಲೆ ರೊಟ್ಟಿ ತಿರುಗಿಸುತ್ತ ಬಡಿಯುವಾಗ, ಆ ಸ್ನಾಯು ನೂರಾರು ಸಲ ಬಿಗಿದು ಬಿಗಿದು ಇಂಪ್ಲಾಂಟನ್ನು ಕೆಳಕ್ಕೂ ಹೊರಕ್ಕೂ ತಳ್ಳುತ್ತದೆ. ಒಳಗಿನ ಗಾಯ ಇನ್ನೂ ಹಸಿ. ಹೊರಗಿನ ಹೊಲಿಗೆ ಒಣಗಿದೆ ಅಂತ ಒಳಗೆ ಒಣಗಿದೆ ಅಂತ ಅಲ್ಲ. ಈ ಹಂತದಲ್ಲಿ ರಕ್ತನಾಳ ಮತ್ತೆ ಒಸರಬಹುದು, ಇಂಪ್ಲಾಂಟ್ ತನ್ನ ಜಾಗ ಬಿಟ್ಟು ಸರಿಯಬಹುದು.

ಹಿಂದೊಮ್ಮೆ ನನ್ನ ಹತ್ತಿರ ಬಂದಿದ್ದ ಒಬ್ಬರಿಗೆ 13ನೇ ದಿನ ಹೀಗಾಗಿತ್ತು. ನಲ್ಲಿಗೆ ನೀರು ಬಿಟ್ಟ ದಿನ. ನಮ್ಮ ಕಡೆ ನೀರು ದಿನಾ ಬರುವುದಿಲ್ಲ, ಬಂದಾಗ ತುಂಬಿಸಿಕೊಳ್ಳದೆ ಗತಿಯಿಲ್ಲ. ಆರೇಳು ಕೊಡ ಎತ್ತಿದರು. ಸಂಜೆ ಹೊತ್ತಿಗೆ ಒಂದು ಕಡೆ ಇನ್ನೊಂದರ ಒಂದೂವರೆಯಷ್ಟಾಗಿ, ಚರ್ಮ ಮಿರುಗುವ ಹಾಗೆ ಬಿಗಿದಿತ್ತು. ಅವತ್ತೇ ರಾತ್ರಿ ಥಿಯೇಟರಿಗೆ ಕರೆದೊಯ್ದು, ಹೆಪ್ಪುಗಟ್ಟಿದ ರಕ್ತ ತೆಗೆದು, ಒಳಗೆಲ್ಲ ತೊಳೆದು ಮತ್ತೆ ಹೊಲಿಗೆ ಹಾಕಿದೆವು. ತಡಮಾಡದೆ ಬಂದದ್ದರಿಂದ ಉಳಿಯಿತು. ಅವರೂ ಮನೆಯಲ್ಲಿ ಹೇಳಿರಲಿಲ್ಲ.

ಅದಕ್ಕೇ ಬೇಡುತ್ತೇನೆ, ಮುಂದಿನದನ್ನು ಓದುವ ಮುಂಚೆ ಒಮ್ಮೆ ಕನ್ನಡಿ ಮುಂದೆ ನಿಂತು ನೋಡಿ. ಬಲಗಡೆಯ ಬಾವು ಮೊದಲಿಂದ ಇದ್ದದ್ದಾ, ನಿನ್ನೆ ರೊಟ್ಟಿ ಬಡಿದ ಮೇಲೆ ಏರಿದ್ದಾ? ಮೊದಲಿಂದ ಇದ್ದು, ಮುಟ್ಟಿದರೆ ಮೊನ್ನೆಯಷ್ಟೇ ಇದ್ದರೆ ಹೆದರಬೇಡಿ. ನಿನ್ನೆಯಿಂದ ದೊಡ್ಡದಾಗಿದ್ದರೆ, ಬಿಗಿತ ಅಥವಾ ನೋವು ಏರುತ್ತಿದ್ದರೆ, ಹೊಸದಾಗಿ ನೇರಳೆ ಕಲೆ ಬಿದ್ದಿದ್ದರೆ, ಆಪರೇಷನ್ ಮಾಡಿದವರಿಗೆ ಈಗಲೇ ಫೋನ್ ಮಾಡಿ ಹೊರಡಿ. ಗದಗದಿಂದ ಹುಬ್ಬಳ್ಳಿ ಹೆಚ್ಚೆಂದರೆ ಒಂದೂವರೆ ತಾಸು. ನಾಳೆ ನೋಡೋಣ ಅನ್ನುವ ವಿಷಯ ಇದಲ್ಲ. ನಾನು ನಿಮ್ಮನ್ನು ಕಣ್ಣಾರೆ ಪರೀಕ್ಷೆ ಮಾಡಿಲ್ಲ. ಹಾಗಾಗಿ ನಾನು ಇಲ್ಲಿ ಹೇಳುವುದಕ್ಕೂ ನಿಮ್ಮ ಸರ್ಜನ್ ಹೇಳಿದ್ದಕ್ಕೂ ವ್ಯತ್ಯಾಸ ಬಂದರೆ ಅವರ ಮಾತನ್ನೇ ಕೇಳಿ, ಒಳಗೆ ಏನು ಮಾಡಿದ್ದಾರೆ ಅನ್ನುವುದು ಅವರಿಗೆ ಗೊತ್ತು.

ಈಗ ನಿಮ್ಮ ಭಯಗಳಿಗೆ ಬರೋಣ.

ಕಲ್ಲಿನ ಹಾಗೆ ಗಟ್ಟಿ, ಮೇಲೆ ಹೋಗಿ ಕೂತಿವೆ ಅಂದಿರಿ. ಸ್ನಾಯುವಿನ ಕೆಳಗೆ ಇಟ್ಟವರು ಮೊದಲ ತಿಂಗಳು ಹೆಚ್ಚುಕಮ್ಮಿ ಎಲ್ಲರೂ ಇದೇ ಮಾತು ಹೇಳುತ್ತಾರೆ. ಆ ಸ್ನಾಯುವಿಗೆ ಈ ಹೊಸ ಅತಿಥಿ ಅಭ್ಯಾಸವಿಲ್ಲ, ಅದು ಬಿಗಿದುಕೊಂಡು ಇಂಪ್ಲಾಂಟನ್ನು ಮೇಲಕ್ಕೆ ಅದುಮಿ ಹಿಡಿದಿರುತ್ತದೆ. ಮೇಲಿನ ಚರ್ಮವೂ ಹಿಗ್ಗಿಲ್ಲ, ಬಾವೂ ಇಳಿದಿಲ್ಲ. ಬೆಳಿಗ್ಗೆ ಎದ್ದಾಗ ಎದೆಯ ಮೇಲೆ ಯಾರೋ ಕೂತ ಹಾಗೆ ಬಿಗಿತ ಇರುತ್ತದೆ, ಒಂದು ತಾಸು ಓಡಾಡಿದರೆ ಕಡಿಮೆ ಆಗುತ್ತದೆ. ವಾರ ಕಳೆದಂತೆ ಸ್ನಾಯು ಸಡಿಲವಾಗಿ, ಕೆಳಭಾಗದ ಚರ್ಮ ಹಿಗ್ಗಿ, ಇಂಪ್ಲಾಂಟ್ ನಿಧಾನಕ್ಕೆ ಇಳಿದು ತನ್ನ ಜಾಗದಲ್ಲಿ ಕೂರುತ್ತದೆ. ಇದಕ್ಕೆ ಮೂರರಿಂದ ಆರು ತಿಂಗಳು ಬೇಕು. ಈಗ ಕನ್ನಡಿಯಲ್ಲಿ ಕಾಣುವುದು ಕೊನೆಯ ರೂಪ ಅಲ್ಲವೇ ಅಲ್ಲ. ಅದಕ್ಕೇ ಹೊಸ ಜಂಪರ್ ಹೊಲಿಸಲು ಈಗಲೇ ಅಳತೆ ಕೊಡಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಮನೆಯಲ್ಲಿ ಮದುವೆ ಇದ್ದರೂ ಸರಿ, ಒಂದನ್ನು ಸಡಿಲ ಹೊಲಿಸಿ, ಉಳಿದದ್ದು ಆರು ತಿಂಗಳಾದ ಮೇಲೆ.

ಎರಡೂ ಕಡೆ ಒಂದೇ ಥರ ಇಲ್ಲ ಅನ್ನುವುದೂ ಹಾಗೆಯೇ. ನೀವು ಬಲಗೈಯವರು ಅಂತ ಊಹಿಸುತ್ತೇನೆ. ಎಷ್ಟೇ ಎಚ್ಚರ ಇದ್ದರೂ ಬಲಗೈ ಜಾಸ್ತಿ ಆಡುತ್ತದೆ, ಬಲಗಡೆಯ ಸ್ನಾಯು ಜಾಸ್ತಿ ಬಿಗಿಯುತ್ತದೆ, ಆ ಕಡೆ ಇಳಿಯುವುದು ತಡ. ಇನ್ನೊಂದು ಮಾತು. ಆಪರೇಷನ್‌ಗೆ ಮುಂಚೆಯೂ ನಿಮ್ಮ ಎರಡು ಕಡೆ ಒಂದೇ ಅಳತೆ ಇರಲಿಲ್ಲ. ಯಾರಿಗೂ ಇರುವುದಿಲ್ಲ. ಆಗ ಅಷ್ಟು ಹತ್ತಿರದಿಂದ ನೋಡಿರಲಿಲ್ಲ, ಈಗ ದಿನಕ್ಕೆ ಹತ್ತು ಸಲ ನೋಡುತ್ತೀರಿ, ಅಷ್ಟೇ.

ಗುಳುಗುಳು ಸದ್ದು ಆಪರೇಷನ್ ಹೊತ್ತಿನಲ್ಲಿ ಒಳಗೆ ಸೇರಿಕೊಂಡ ಸ್ವಲ್ಪ ಗಾಳಿ, ಸ್ವಲ್ಪ ನೀರಿನದು. ಒಂದೆರಡು ವಾರದಲ್ಲಿ ದೇಹವೇ ಹೀರಿಕೊಳ್ಳುತ್ತದೆ.

ಎದೆಯ ಕೆಳಗಿನ ದಾರದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಇದನ್ನು ನೋಡಿ ತುಂಬಾ ಜನ ಹೌಹಾರುತ್ತಾರೆ. 'ಒಳಗ ಏನರ ಹರಿದೈತೇನ್ರಿ ಡಾಕ್ಟರ?' ಅಂತ ಕೇಳುತ್ತಾರೆ. ಎದೆಯ ಕೆಳಗಿಂದ ಹೊಟ್ಟೆಯ ಕಡೆಗೆ, ಚರ್ಮದ ಅಡಿಯಲ್ಲಿ ಒಂದು ತಂತಿ ಎಳೆದಂತೆ ಕಾಣುತ್ತದೆ. ಕೈ ಮೇಲೆತ್ತಿದರೆ ಎದ್ದು ತೋರುತ್ತದೆ, ಮುಟ್ಟಿದರೆ ನೋಯುತ್ತದೆ. ಇದು ಹೊಲಿಗೆಯೂ ಅಲ್ಲ, ಇಂಪ್ಲಾಂಟಿನ ಅಂಚೂ ಅಲ್ಲ. ಚರ್ಮದ ಕೆಳಗಿನ ಒಂದು ಸಣ್ಣ ರಕ್ತನಾಳ ಉರಿಯಾಗಿ, ಒಳಗೆ ರಕ್ತ ಹೆಪ್ಪುಗಟ್ಟಿ ಗಟ್ಟಿಯಾಗಿರುತ್ತದೆ. ನಮ್ಮ ಡಾಕ್ಟರರ ಭಾಷೆಯಲ್ಲಿ ಮೊಂಡೋರ್ ಕಾಯಿಲೆ ಅಂತಾರೆ. ಹೆಸರು ದೊಡ್ಡದು, ಅಪಾಯ ಇಲ್ಲ. ಕಾಲಿನ ಆಳದ ನಾಳದಲ್ಲಿ ಕಟ್ಟುವ ಹೆಪ್ಪಿಗೂ ಇದಕ್ಕೂ ಸಂಬಂಧವಿಲ್ಲ. ಕೆಲವು ವಾರಗಳಲ್ಲಿ ತಾನಾಗಿ ಕರಗಿ ಹೋಗುತ್ತದೆ. ಅದನ್ನು ಎಣ್ಣೆ ಹಚ್ಚಿ ತಿಕ್ಕಬೇಡಿ, ಎಳೆದು ಮುರಿಯಲು ಹೋಗಬೇಡಿ. ಮುಂದಿನ ಸಲ ಹೋದಾಗ ಸರ್ಜನ್‌ಗೆ ತೋರಿಸಿ, ನೋಡಿದ ತಕ್ಷಣ ಗುರುತಿಸುತ್ತಾರೆ.

ತೊಟ್ಟಿನ ಸುತ್ತ ಸ್ಪರ್ಶ ಗೊತ್ತಾಗದಿರುವುದು ನರಗಳು ಎಳೆದುಕೊಂಡಿರುವುದರಿಂದ. ಪಕ್ಕೆಲುಬಿನ ನಡುವಿಂದ ಬರುವ ತೆಳ್ಳನೆಯ ನರಗಳು ಅವು. ಕೆಲವರಿಗೆ ಮರಗಟ್ಟುತ್ತದೆ, ಕೆಲವರಿಗೆ ಉಲ್ಟಾ, ಬಟ್ಟೆ ತಾಗಿದರೂ ಜುಮ್ಮೆನ್ನುತ್ತದೆ. ಮುಂದಿನ ವಾರಗಳಲ್ಲಿ ನಡುನಡುವೆ ಕರೆಂಟ್ ಹೊಡೆದಂತೆ, ಸೂಜಿ ಚುಚ್ಚಿದಂತೆ ಆಗಬಹುದು. ಅದು ನರ ಎಚ್ಚರಗೊಳ್ಳುವ ಲಕ್ಷಣ. ಜಾಸ್ತಿ ಜನರಿಗೆ ತಿಂಗಳುಗಳಲ್ಲಿ ಸರಿ ಹೋಗುತ್ತದೆ, ಕೆಲವರಿಗೆ ಒಂದು ವರ್ಷ ಹಿಡಿಯುತ್ತದೆ. ಕೆಲವರಿಗೆ ಸ್ವಲ್ಪ ಮರಗಟ್ಟುವಿಕೆ ಕಾಯಂ ಉಳಿಯುತ್ತದೆ. ಇದನ್ನು ಮುಚ್ಚಿಟ್ಟು ನಿಮಗೆ ಸಮಾಧಾನ ಹೇಳಲಾರೆ.

ಸ್ಪರ್ಶ ಇಲ್ಲದ ಚರ್ಮದ ವಿಷಯದಲ್ಲಿ ಒಂದು ಅಪಾಯ ಇದೆ, ಅದು ನಮ್ಮ ಮನೆಗಳಲ್ಲಿ ಜಾಸ್ತಿ. ಬಾಣಂತಿಗೆ ಮಾಡಿದ ಹಾಗೆ ಬಿಸಿಬಿಸಿ ನೀರು ಎರೆಯುವುದು, ಬಟ್ಟೆ ಕಾಯಿಸಿ ಶಾಖ ಕೊಡುವುದು, ಬಿಸಿನೀರಿನ ಚೀಲ ಇಡುವುದು. ಪ್ರೀತಿಯಿಂದ ಮಾಡುತ್ತಾರೆ. ಆದರೆ ನಿಮಗೆ ಸುಡುವುದು ಗೊತ್ತೇ ಆಗುವುದಿಲ್ಲ, ಬೊಬ್ಬೆ ಎದ್ದ ಮೇಲೆ ಗೊತ್ತಾಗುತ್ತದೆ. ಐಸ್ ಕೂಡ ನೇರವಾಗಿ ಇಡಬಾರದು. ಬೆಚ್ಚಗಿನ ನೀರಲ್ಲಿ ನಿಂತು ಸ್ನಾನ ಮಾಡಿ, ಗಾಯದ ಜಾಗ ಉಜ್ಜದೆ ಒತ್ತಿ ಒರೆಸಿ. ಅರಿಶಿನ, ಕೊಬ್ಬರಿ ಎಣ್ಣೆ ಯಾವುದನ್ನೂ ಹೊಲಿಗೆಗೆ ಹಚ್ಚಬೇಡಿ. ಕೆರೆ, ಹೊಳೆ, ಈಜುಕೊಳ ಸರ್ಜನ್ ಸರಿ ಅನ್ನುವವರೆಗೆ ಬೇಡ.

ಊಟದ ಬಗ್ಗೆ ನೀವು ಕೇಳಿಲ್ಲ, ಆದರೂ ಅತ್ತೆಯವರು ಹೇಳಿಯೇ ಇರುತ್ತಾರೆ: ಅನ್ನ ಉಂಡರೆ ಕೀವು, ಬದನೆಕಾಯಿ ನಂಜು, ಶೇಂಗಾ ಬೇಡ. ಕೀವು ಆಗುವುದು ರೋಗಾಣುವಿನಿಂದ, ಅನ್ನದಿಂದ ಅಲ್ಲ. ಎಣಗಾಯಿ ತಿಂದು ಗಾಯ ಕೆಟ್ಟವರನ್ನು ನಾನು ನೋಡಿಲ್ಲ, ಪಥ್ಯ ಅಂತ ಬರೀ ಗಂಜಿ ಕುಡಿದು ಸೊರಗಿ, ಗಾಯ ಕೂಡದೆ ಒದ್ದಾಡಿದವರನ್ನು ನೋಡಿದ್ದೇನೆ. ಹೆಸರುಕಾಳು, ಮಡಿಕೆಕಾಳು, ಮೊಸರು, ಶೇಂಗಾ ಹಿಂಡಿ, ತಿನ್ನುವವರಾದರೆ ತತ್ತಿ, ಎಲ್ಲ ಚೆನ್ನಾಗಿ ತಿನ್ನಿ. ಸೊಪ್ಪು, ನೀರು ಜಾಸ್ತಿ ಇರಲಿ, ನೋವಿನ ಮಾತ್ರೆ ಕೆಲವು ಮಲಬದ್ಧತೆ ಮಾಡುತ್ತವೆ, ಮುಕ್ಕಿರಿದರೆ ಎದೆಗೂ ಒತ್ತಡ ಬೀಳುತ್ತದೆ. ಪಥ್ಯ ಮಾಡಲೇಬೇಕಾದ್ದು ತಂಬಾಕಿಗೆ. ಬೀಡಿ ಸಿಗರೇಟು ಮಾತ್ರ ಅಲ್ಲ, ಹಲ್ಲಿಗೆ ಉಜ್ಜುವ ತಂಬಾಕಿನ ಪುಡಿ, ಎಲೆಅಡಿಕೆಯ ಜೊತೆಗಿನ ತಂಬಾಕು ಕೂಡ. ನಿಕೋಟಿನ್ ರಕ್ತನಾಳಗಳನ್ನು ಸಣ್ಣ ಮಾಡುತ್ತದೆ, ಗಾಯಕ್ಕೆ ರಕ್ತ ಸಾಲದೆ ಹೊಲಿಗೆ ಬಿಚ್ಚಿಕೊಳ್ಳುತ್ತದೆ. ನಿಮಗೆ ಆ ಅಭ್ಯಾಸ ಇಲ್ಲದಿರಬಹುದು, ಇದನ್ನು ಓದುವ ಇನ್ನೊಬ್ಬರಿಗೆ ಇರಬಹುದು.

ಶಾಲೆಯ ವಿಷಯ. ಎರಡು ವಾರಕ್ಕೆ ಕೂತು ಮಾಡುವ ಕೆಲಸಕ್ಕೆ ಹೋಗಬಹುದು, ನಿಮ್ಮ ಸರ್ಜನ್ ನೋಡಿ ಸರಿ ಅಂದರೆ. ಆದರೆ ಟೀಚರ್ ಕೆಲಸದಲ್ಲಿ ಒಂದು ತೊಡಕಿದೆ, ಅದು ಬೋರ್ಡು. ಬೋರ್ಡಿನ ಮೇಲಿನ ಸಾಲಿಗೆ ಬರೆಯಲು ಕೈ ಹೆಗಲಿಗಿಂತ ಮೇಲೆ ಹೋಗುತ್ತದೆ, ಅದೂ ಒತ್ತಿ ಬರೆಯಬೇಕು, ಪೀರಿಯಡ್ ಮೇಲೆ ಪೀರಿಯಡ್. ಮೊದಲ ಕೆಲವು ವಾರ ಎದೆಮಟ್ಟದ ಕೆಳಗೆ ಮಾತ್ರ ಬರೆಯಿರಿ, ಮೇಲಿನದ್ದನ್ನು ಒಬ್ಬ ಎತ್ತರದ ಹುಡುಗನಿಗೆ ಬರೆಯಲು ಹೇಳಿ. ಒರೆಸುವುದು ಕೂಡ ಮಕ್ಕಳೇ ಮಾಡಲಿ. ನೋಟ್‌ಬುಕ್ಕಿನ ಕಟ್ಟುಗಳನ್ನು ಎತ್ತಬೇಡಿ.

ಬೋರ್ಡಿಗಿಂತ ಬಸ್ಸೇ ಕಷ್ಟ. ನಿಂತು ಹೋಗುವಾಗ ಮೇಲಿನ ಕಂಬಿ ಹಿಡಿಯುತ್ತೇವೆ, ಡ್ರೈವರ್ ಬ್ರೇಕ್ ಹಾಕಿದಾಗ ಮೈಭಾರವೆಲ್ಲ ಆ ಒಂದು ಕೈಗೆ ಜೋತುಬೀಳುತ್ತದೆ. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನಲ್ಲಿ ಓಡಾಡುವ ಹೆಣ್ಣುಮಕ್ಕಳಿಗೂ ಇದೇ ಮಾತು ಹೇಳುತ್ತೇನೆ. ಸೀಟು ಸಿಗುವ ಬಸ್ಸಿಗೆ ಕಾಯಿರಿ, ಇಲ್ಲದಿದ್ದರೆ ಸೊಂಟದ ಮಟ್ಟದ ಹಿಡಿಕೆ ಹಿಡಿಯಿರಿ. ಒಂದು ತಿಂಗಳು ಯಜಮಾನರು ಬೈಕಿನಲ್ಲಿ ಬಿಡುತ್ತೇನೆ ಅಂದರೆ, ರಸ್ತೆ ಎಂಥದ್ದು ಅಂತ ನೋಡಿ ಒಪ್ಪಿಕೊಳ್ಳಿ. ರಸ್ತೆಯ ಒಂದೊಂದು ಉಬ್ಬಿಗೂ ಎದೆ ಹಿಡಿದುಕೊಳ್ಳುವ ಹಾಗಾದರೆ ಬೇಡ. ಕಾರಾದರೆ ಬೆಲ್ಟ್ ಹಾಕಲೇಬೇಕು, ಬೆಲ್ಟಿಗೂ ಎದೆಗೂ ನಡುವೆ ಮಡಚಿದ ಮೆತ್ತನೆಯ ಟವೆಲ್ ಇಟ್ಟುಕೊಳ್ಳಿ. ನೀವೇ ಸ್ಕೂಟಿ ಓಡಿಸುವುದು ನೋವಿನ ಗಟ್ಟಿ ಮಾತ್ರೆ ನಿಂತು, ಗಕ್ಕನೆ ಬ್ರೇಕ್ ಹಿಡಿದು ಹ್ಯಾಂಡಲ್ ತಿರುಗಿಸಿದರೂ ಎದೆ ಎಳೆಯುವುದಿಲ್ಲ ಅಂತ ಖಾತ್ರಿ ಆದ ಮೇಲೆ. ಸಾಮಾನ್ಯವಾಗಿ ಮೂರು ನಾಲ್ಕು ವಾರ. ಸೆಂಟರ್ ಸ್ಟ್ಯಾಂಡ್ ಹಾಕುವುದು ಆರು ವಾರ ಬೇರೆಯವರ ಕೆಲಸ.

ಹಾಗಂತ ಪೂರ್ತಿ ಮಲಗಬೇಡಿ. ನಡೆಯಿರಿ, ಬೆಳಿಗ್ಗೆ ಸಂಜೆ. ತಲೆ ಬಾಚಿಕೊಳ್ಳಿ, ಸೀರೆ ಉಟ್ಟುಕೊಳ್ಳಿ, ತಟ್ಟೆ ತೊಳೆಯಿರಿ. ಕೈಯನ್ನು ಪೂರ್ತಿ ಕಟ್ಟಿಹಾಕಿದರೆ ಹೆಗಲು ಹಿಡಿದುಕೊಳ್ಳುತ್ತದೆ. ಭಾರ ಎತ್ತುವುದು, ನಾದುವುದು, ಹಿಂಡುವುದು, ತಳ್ಳುವುದು, ಎಳೆಯುವುದು ಮಾತ್ರ ಆರು ವಾರ ಬೇಡ. ಬಟ್ಟೆ ಒಗೆಯುವುದು, ಗ್ಯಾಸ್ ಸಿಲಿಂಡರ್, ನೀರಿನ ಕೊಡ ಎಲ್ಲ ಅದರಲ್ಲಿ ಬಂತು. ಇನ್ನೂ ಕೆಲವು ವಾರ ತಲೆಕಡೆ ಎತ್ತರ ಮಾಡಿ ಅಂಗಾತ ಮಲಗಿ. ಮುಂದೆ ಹುಕ್ಕು ಇರುವ, ವೈರ್ ಇಲ್ಲದ ಬ್ರಾ ಎರಡು ಇಟ್ಟುಕೊಂಡು ದಿನಾ ಬದಲಿಸಿ, ನಮ್ಮ ಬೇಸಿಗೆಯಲ್ಲಿ ಬೆವರು ಕೂತು ಮಡಿಕೆಯಲ್ಲಿ ಕೆಂಪಾಗಿ ತುರಿಕೆ ಶುರುವಾಗುತ್ತದೆ. ಗಂಡಹೆಂಡತಿ ಕೂಡುವುದು ಎರಡು ಮೂರು ವಾರದ ಮೇಲೆ ಆಗಬಹುದು, ಎದೆಯ ಮೇಲೆ ಭಾರ ಬೀಳದ ಹಾಗೆ. ಇದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಅದಕ್ಕೆ ನಾನೇ ಹೇಳಿದೆ.

ಯಾವುದಕ್ಕೆ ಕಾಯಬಾರದು ಅನ್ನುವುದನ್ನು ಯಜಮಾನರಿಗೂ ಓದಿ ಹೇಳಿ. ಒಂದೇ ಕಡೆ ಗಂಟೆಗಳಲ್ಲಿ ಏರುವ ಬಾವು. 100.4 ಡಿಗ್ರಿ ದಾಟುವ ಜ್ವರ. ಹರಡುತ್ತಾ ಹೋಗುವ ಕೆಂಪು, ಬಿಸಿ, ಕೀವು, ಕೆಟ್ಟ ವಾಸನೆ. ಹೊಲಿಗೆ ಬಿಟ್ಟುಕೊಂಡು ಒಳಗಿನದು ಕಾಣುವುದು. ಇವಿಷ್ಟಕ್ಕೆ ಅವತ್ತೇ ಸರ್ಜನ್ ಹತ್ತಿರ. ಒಂದೇ ಕಾಲಿನ ಮೀನಖಂಡ ಬಾತು ನೋಯುವುದು, ಇದ್ದಕ್ಕಿದ್ದಂತೆ ಉಸಿರು ಸಿಗದಿರುವುದು, ಉಸಿರೆಳೆದರೆ ಎದೆ ಚುಚ್ಚುವುದು ಆದರೆ ಹುಬ್ಬಳ್ಳಿಯವರೆಗೂ ಹೋಗಬೇಡಿ, 108ಕ್ಕೆ ಫೋನ್ ಮಾಡಿ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ. ಕಾಲಿನ ಹೆಪ್ಪು ಶ್ವಾಸಕೋಶಕ್ಕೆ ಹೋಗಿರಬಹುದು.

ಇಲ್ಲೇ ನಿಮ್ಮ ಗುಟ್ಟು ನಿಮಗೆ ಅಡ್ಡ ಬರುತ್ತದೆ. ಅಂಥ ಹೊತ್ತಿನಲ್ಲಿ ಜೊತೆಗೆ ಬಂದ ಅತ್ತೆಯವರು ಅಲ್ಲಿಯ ಡಾಕ್ಟರಿಗೆ 'ಗಂಟು ತೆಗೆದಿದ್ದಾರೆ' ಅಂದರೆ, ಅವರು ಇಂಪ್ಲಾಂಟ್ ಇದೆ ಅಂತ ತಿಳಿಯದೆ ಬಾವಿಗೆ ಸೂಜಿ ಹಾಕಿ ನೀರು ತೆಗೆಯಲು ಹೋಗಬಹುದು. ಸೂಜಿ ಇಂಪ್ಲಾಂಟಿಗೆ ತಾಗಿದರೆ ಅದು ಹೋಯಿತು. ಅತ್ತೆಗೆ ಎಲ್ಲ ಹೇಳಿಬಿಡಿ ಅಂತ ನಾನು ಅನ್ನುವುದಿಲ್ಲ. ನಿಮ್ಮ ಮೈ, ನಿಮ್ಮ ಮನೆ, ಹೇಳುವುದೂ ಬಿಡುವುದೂ ನಿಮಗೆ ಬಿಟ್ಟಿದ್ದು. ಆದರೆ ಗಂಟು ಅಂದದ್ದರಿಂದ ಅವರು ಈಗ ಒಳಗೊಳಗೇ ಕ್ಯಾನ್ಸರ್ ಅಂತ ಹೆದರಿರಬಹುದು. ನಾಳೆ ರಿಪೋರ್ಟ್ ಏನು ಬಂತು ಅಂತ ಕೇಳಿಯೇ ಕೇಳುತ್ತಾರೆ. 'ಎದೆಯ ಆಪರೇಷನ್ ಆಗಿದೆ, ಕ್ಯಾನ್ಸರ್ ಅಲ್ಲ, ಆರು ವಾರ ಭಾರ ಎತ್ತಬಾರದು, ರೊಟ್ಟಿ ಬಡಿಯಬಾರದು ಅಂತ ಡಾಕ್ಟರ್ ಬರೆದುಕೊಟ್ಟಿದ್ದಾರೆ' ಅಂದರೆ ಸುಳ್ಳೂ ಅಲ್ಲ, ನಿಮಗೆ ವಿಶ್ರಾಂತಿಯೂ ಸಿಗುತ್ತದೆ. ಸರ್ಜನ್ ಹತ್ತಿರ ಹಾಗೆ ಚೀಟಿ ಬರೆಸಿಕೊಳ್ಳಿ. ನಾನು ಎಷ್ಟೋ ಜನರಿಗೆ ಬರೆದುಕೊಟ್ಟಿದ್ದೇನೆ. ಆರು ವಾರ ಖಾನಾವಳಿಯಿಂದ ಕಟಕ ರೊಟ್ಟಿ ತಂದರೆ ಮನೆ ಮುಳುಗುವುದಿಲ್ಲ. ಮತ್ತೆ ನಿಮ್ಮ ಅಮ್ಮ, ಅಕ್ಕ, ಗೆಳತಿ, ಯಾರಾದರೂ ಒಬ್ಬರಿಗೆ ಪೂರ್ತಿ ನಿಜ ಗೊತ್ತಿರಲಿ, ಯಜಮಾನರು ಊರಲ್ಲಿಲ್ಲದ ದಿನ ನಿಮ್ಮ ಜೊತೆ ಬರುವವರು ಬೇಕಲ್ವಾ?

ಇನ್ನು ಮೊಬೈಲಿನಲ್ಲಿ ಓದಿದ್ದು. ಕೆಲವು ನಿಜ, ಕೆಲವು ಅರ್ಧ ನಿಜ.

ಮಗು ತಬ್ಬಿಕೊಂಡರೆ, ವಿಮಾನ ಹತ್ತಿದರೆ, ಮುಂದೆ ಬೋರಲು ಮಲಗಿದರೆ ಇಂಪ್ಲಾಂಟ್ ಒಡೆಯುವುದಿಲ್ಲ. ವರ್ಷಗಳು ಕಳೆದಂತೆ ಹೊರಗಿನ ಪದರ ಸವೆದು ಬಿರುಕು ಬಿಡಬಹುದು, ಅದು ನಿಜ. ಈಗಿನ ಸಿಲಿಕಾನ್ ಜೆಲ್ ಗಟ್ಟಿ, ಬಿರುಕು ಬಿಟ್ಟರೂ ನೀರಿನಂತೆ ಹರಿಯುವುದಿಲ್ಲ, ಜಾಸ್ತಿ ಸಲ ಸುತ್ತಲಿನ ಪೊರೆಯೊಳಗೇ ಉಳಿಯುತ್ತದೆ. ಹಾಗಾಗಿ ಹೊರಗೆ ಏನೂ ಗೊತ್ತಾಗದೇ ಇರಬಹುದು. ಅದಕ್ಕೇ ಔಷಧಿ, ವೈದ್ಯಕೀಯ ಸಾಧನಗಳನ್ನು ಪರಿಶೀಲಿಸುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2020ರಲ್ಲಿ ಹೇಳಿದ್ದು, ತೊಂದರೆ ಇರಲಿ ಬಿಡಲಿ, ಹಾಕಿಸಿ 5-6 ವರ್ಷವಾದಾಗ ಮೊದಲ ಸಲ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ, ಆಮೇಲೆ 2-3 ವರ್ಷಕ್ಕೊಮ್ಮೆ. ಎರಡೂ ಹುಬ್ಬಳ್ಳಿಯಲ್ಲೇ ಆಗುತ್ತವೆ. 10 ವರ್ಷಕ್ಕೆ ಬದಲಿಸಲೇಬೇಕು ಅನ್ನುವುದು ತಪ್ಪು. ಜೀವನಪೂರ್ತಿ ಹಾಗೇ ಇರುತ್ತದೆ ಅನ್ನುವುದೂ ತಪ್ಪು. ನಿಮ್ಮ ವಯಸ್ಸಿಗೆ ಮುಂದೆ ಎಂದಾದರೂ ಇನ್ನೊಂದು ಆಪರೇಷನ್ ಬರಬಹುದು ಅಂತ ಲೆಕ್ಕ ಹಾಕಿ, ಅದಕ್ಕೆ ದುಡ್ಡನ್ನೂ ತೆಗೆದಿಡಿ. ಹಾಕಿಸುವ ಮುಂಚೆಯೇ ಇದನ್ನು ಬಿಡಿಸಿ ಹೇಳಬೇಕಿತ್ತು.

ಕ್ಯಾನ್ಸರ್ ಮಾತು. ಇಂಪ್ಲಾಂಟಿನಿಂದ ಸ್ತನ ಕ್ಯಾನ್ಸರ್ ಜಾಸ್ತಿ ಆಗುವುದಿಲ್ಲ. ಆದರೆ ಇಂಪ್ಲಾಂಟಿನ ಸುತ್ತಲಿನ ಪೊರೆಯಲ್ಲಿ ಬಹಳ ಅಪರೂಪಕ್ಕೆ ಒಂದು ಬಗೆಯ ಲಿಂಫೋಮಾ, ಅಂದರೆ ರೋಗನಿರೋಧಕ ಕಣಗಳ ಕ್ಯಾನ್ಸರ್, ಬರುತ್ತದೆ. ಅದು ಮುಖ್ಯವಾಗಿ ಕಂಡಿದ್ದು ಹೊರಮೈ ತರಿತರಿ ಇರುವ ಇಂಪ್ಲಾಂಟ್‌ಗಳಲ್ಲಿ. 2019ರ ಜುಲೈನಲ್ಲಿ ಅಲರ್ಗನ್ ಕಂಪನಿ ತನ್ನ ಬಯೋಸೆಲ್ ಅನ್ನುವ ಆ ಬಗೆಯ ಇಂಪ್ಲಾಂಟ್‌ಗಳನ್ನು ಜಗತ್ತಿನಾದ್ಯಂತ ಹಿಂಪಡೆಯಿತು. ಸಾಮಾನ್ಯವಾಗಿ ಹಾಕಿಸಿ ಎಷ್ಟೋ ವರ್ಷಗಳ ಮೇಲೆ ಒಂದು ಕಡೆ ತಾನಾಗಿ ಬಾವು ಬರುವುದು ಅದರ ಲಕ್ಷಣ. ಹಾಗಾಗಿ 11ನೇ ದಿನದ ನಿಮ್ಮ ಬಾವಿಗೂ ಅದಕ್ಕೂ ಸಂಬಂಧವೇ ಇಲ್ಲ. ನೀವು ಮಾಡಬೇಕಾದ್ದು ಒಂದೇ. ಆಸ್ಪತ್ರೆಯಲ್ಲಿ ಕೊಟ್ಟ ಇಂಪ್ಲಾಂಟ್ ಕಾರ್ಡ್ ಹುಡುಕಿ. ಕಂಪನಿ, ಸೀರಿಯಲ್ ನಂಬರ್, ಅಳತೆ, ಹೊರಮೈ ನುಣುಪಾ ತರಿತರಿಯಾ ಎಲ್ಲ ಅದರಲ್ಲಿ ಇರಬೇಕು. ಕೊಟ್ಟಿಲ್ಲದಿದ್ದರೆ ಕೇಳಿ ಪಡೆಯಿರಿ, ಅದು ನಿಮ್ಮ ಹಕ್ಕು. ಫೋಟೋ ತೆಗೆದು ಫೋನಿನಲ್ಲಿ ಇಟ್ಟು, ಕಾರ್ಡನ್ನು ಆಧಾರ್ ಜೊತೆ ತಿಜೋರಿಯಲ್ಲಿ ಇಡಿ. ಕೆಲವು ಹೆಣ್ಣುಮಕ್ಕಳು ಇಂಪ್ಲಾಂಟ್ ಆದ ಮೇಲೆ ಸುಸ್ತು, ಕೀಲುನೋವು, ಮಂಪರು ಅಂತ ಹೇಳುತ್ತಾರೆ. ಅದನ್ನು ಹಿಡಿಯುವ ಒಂದು ಪರೀಕ್ಷೆ ಇಲ್ಲ. ಹಾಗಂತ ಅದು ಮನಸ್ಸಿನ ಭ್ರಮೆ ಅಂತ ಕಳಿಸುವುದೂ ಸರಿಯಲ್ಲ, ತೆಗೆಸಿದ ಮೇಲೆ ಹಗುರಾದವರು ಇದ್ದಾರೆ. ಮುಂದೆ ಮ್ಯಾಮೊಗ್ರಾಂ ಮಾಡಿಸುವಾಗ ಇಂಪ್ಲಾಂಟ್ ಇದೆ ಅಂತ ಮೊದಲೇ ಹೇಳಿ, ಬೇರೆ ಕೋನದ ಚಿತ್ರ ತೆಗೆಯಬೇಕಾಗುತ್ತದೆ.

ನಿಜವಾಗಿ ನೀವು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ತೊಂದರೆ ಬೇರೆ. ಹೊರಗಿನ ವಸ್ತು ಏನೇ ಒಳಗೆ ಹೋದರೂ ದೇಹ ಅದರ ಸುತ್ತ ಪೊರೆ ಕಟ್ಟುತ್ತದೆ. ಅದು ಸಹಜ. ಕೆಲವರಲ್ಲಿ ಆ ಪೊರೆ ದಪ್ಪವಾಗಿ ಬಿಗಿಯುತ್ತಾ ಹೋಗಿ ಎದೆ ಗಟ್ಟಿಯಾಗುತ್ತದೆ, ಆಕಾರ ಕೆಡುತ್ತದೆ, ನೋಯುತ್ತದೆ. ಈಗಿನ ಗಟ್ಟಿತನಕ್ಕೂ ಇದಕ್ಕೂ ವ್ಯತ್ಯಾಸ ಹೀಗೆ: ಈಗಿನದು ದಿನಕಳೆದಂತೆ ಮೆತ್ತಗಾಗುತ್ತದೆ, ಅದು ಒಮ್ಮೆ ಮೆತ್ತಗಾದದ್ದು ತಿಂಗಳುಗಳ ಮೇಲೆ ಮತ್ತೆ ಗಟ್ಟಿಯಾಗುತ್ತದೆ. ಒಳಗೆ ರಕ್ತ ನಿಂತರೆ, ಸಣ್ಣ ಸೋಂಕು ಉಳಿದರೆ ಇದರ ಸಾಧ್ಯತೆ ಜಾಸ್ತಿ. ರೊಟ್ಟಿ ಬಡಿಯಬೇಡಿ ಅಂತ ನಾನು ಇಷ್ಟು ಹಟ ಮಾಡುವುದಕ್ಕೆ ಇದೂ ಒಂದು ಕಾರಣ. ಯಾರಾದರೂ ಹೊರಗಿಂದ ಜೋರಾಗಿ ಹಿಸುಕಿ ಪೊರೆ ಒಡೆಯುತ್ತೇನೆ ಅಂದರೆ ಒಪ್ಪಬೇಡಿ, ಇಂಪ್ಲಾಂಟೇ ಒಡೆಯಬಹುದು.

ಕೊನೆಗೆ, ತೆಗೆಸಿಬಿಡಲಾ ಅಂದಿರಿ. ತೆಗೆಸಬಹುದು, ಆ ದಾರಿ ಯಾವತ್ತೂ ತೆರೆದೇ ಇರುತ್ತದೆ. ಕೀವು ಹತ್ತಿ ಔಷಧಿಗೆ ಬಗ್ಗದಿದ್ದರೆ ನಾವೇ ತೆಗೆಯುತ್ತೇವೆ, ಆಮೇಲೆ ಕೆಲವು ತಿಂಗಳು ಕಾದು ಬೇಕಿದ್ದರೆ ಮತ್ತೆ ಇಡುತ್ತೇವೆ. ಆದರೆ ಅಂಥ ಕಾರಣವಿಲ್ಲದೆ ಈಗ ತೆಗೆಸಿದರೆ ಮತ್ತೆ ಅರಿವಳಿಕೆ, ಮತ್ತೆ ಗಾಯ, ಹಿಗ್ಗಿದ ಚರ್ಮ ಮೊದಲಿಗಿಂತ ಜೋಲಬಹುದು. ಆಕಾರ ಒಪ್ಪಿಗೆಯಾಗದಿದ್ದರೆ, ಒಂದು ಕಡೆ ಮೇಲೇ ಉಳಿದರೆ, ತಿದ್ದುವುದಕ್ಕೂ ಆರು ತಿಂಗಳು ಕಾಯುವುದು ಒಳ್ಳೆಯದು, ಅಷ್ಟರಲ್ಲಿ ತಾನಾಗಿ ಸರಿಹೋಗುವುದೇ ಜಾಸ್ತಿ. ಅಳು ಬರುವುದು ನಿಮಗೊಬ್ಬರಿಗೇ ಅಲ್ಲ. ಅರಿವಳಿಕೆ, ಮಾತ್ರೆ, ನಿದ್ದೆಗೆಟ್ಟ ರಾತ್ರಿ, ಕನ್ನಡಿಯಲ್ಲಿ ತನ್ನದಲ್ಲದಂತೆ ಕಾಣುವ ಮೈ, ಅದರ ಮೇಲೆ ಯಾರಿಗೂ ಹೇಳಲಾಗದ ಭಾರ. ಮೊದಲ ಎರಡು ಮೂರು ವಾರ ಇಂಥ ಮನಸ್ಸಿನಲ್ಲಿ ತೆಗೆಸುವ ತೀರ್ಮಾನ ಬೇಡ. ಮೂರು ವಾರ ದಾಟಿದರೂ ಅಳು ನಿಲ್ಲದಿದ್ದರೆ, ಊಟ ನಿದ್ದೆ ಬಿಟ್ಟರೆ ಡಾಕ್ಟರಿಗೆ ಹೇಳಿ. ಬದುಕು ಬೇಡ ಅನಿಸಿದರೆ, ಯಾವತ್ತೇ ಆಗಲಿ, ಒಂದು ದಿನವೂ ಕಾಯದೆ ಹೇಳಿ. ಮನಸ್ಸಿನ ವಿಷಯಕ್ಕೆ ಸರ್ಕಾರದ 14416 ಟೆಲಿಮಾನಸ್ ಸಹಾಯವಾಣಿ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಮಗಳ ವಿಷಯ. ಬಗ್ಗಿ ಎತ್ತಿಕೊಳ್ಳುವುದು ಆರು ವಾರ ಬೇಡ, ನಾಲ್ಕು ವರ್ಷದ ಮಗು ಹೆಚ್ಚುಕಮ್ಮಿ ತುಂಬಿದ ಕೊಡದಷ್ಟೇ ಭಾರ. ಆದರೆ ಅವಳನ್ನು ದೂರ ಇಡಬೇಕಾಗಿಲ್ಲ. ನೀವು ಗೋಡೆಗೆ ಒರಗಿ ಮಂಚದ ಮೇಲೆ ಕೂತು, ಎದೆಗೆ ಒಂದು ಮೆತ್ತನೆಯ ದಿಂಬು ಅಡ್ಡ ಇಟ್ಟುಕೊಳ್ಳಿ. ಅವಳು ಸ್ಟೂಲಿನ ಮೇಲೆ ಕಾಲಿಟ್ಟು ತಾನೇ ಹತ್ತಿ ಬರಲಿ, ಬೆನ್ನು ನಿಮ್ಮ ಕಡೆ ಮಾಡಿ ತೊಡೆಯ ಮೇಲೆ ಕೂರಲಿ. ಅಮ್ಮನ ಎದೆಗೆ ಗಾಯ ಆಗಿದೆ, ಮೆಲ್ಲಗೆ ಅಂತ ಹೇಳಿ. ನಾಲ್ಕು ವರ್ಷದವರಿಗೆ ಅಷ್ಟು ಅರ್ಥವಾಗುತ್ತದೆ.